"ನಾಳೆ ಬಾ" ಎಂದು ಯಾರಿಗೆ ಹೇಳಿದೆವು?

1990ರ ದಶಕದಲ್ಲಿ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಮನೆಯ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿರುತ್ತಿದ್ದುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕೆಲವರು ಸ್ವಂತ ಕೈಯಿಂದಲೇ ಬರೆದಿರಲೂಬಹುದು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬಂದು ಮನೆಯವರ ದನಿಯಲ್ಲೇ ಕೂಗುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ಗಂಡನನ್ನು ಹುಡುಕುತ್ತಾ ಬರುವ ಮದುವಣಗಿತ್ತಿ ಅವಳು, ಮನೆಯ ಗಂಡಸನ್ನೇ ಕೊಂಡೊಯ್ಯುತ್ತಾಳೆ ಎಂದೂ ಹೇಳಿದರು. ಬಾಗಿಲ ಮೇಲಿನ ಬರಹವನ್ನು ಓದಿ ದೆವ್ವ ಹಿಂದಿರುಗುತ್ತದೆಯಂತೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆಯಂತೆ.

ನಮ್ಮ ಅಂಗಡಿಕಾರ ಬಂಧುಗಳಿಗೆ ಈ ಉಪಾಯ ಹೊಸದಲ್ಲ. "ಇಂದು ನಗದು, ನಾಳೆ ಉದ್ರಿ" ಎಂಬ ಹಲಗೆ ಅವರ ಗಲ್ಲಾ ಪೆಟ್ಟಿಗೆಯ ಮೇಲೆಯೇ ತೂಗುತ್ತಿರುತ್ತದೆ. ನಾಳೆ ಎಂಬುದು ಎಂದೂ ಬಾರದ ದಿನ. ಕೊಡಬೇಕಾದದ್ದನ್ನು ಕೊಡದಿರುವುದಕ್ಕೆ ಇಷ್ಟು ಸುಲಭವಾದ ಮಾತು ಬೇರೊಂದಿಲ್ಲ. ಹಾಗಾದರೆ ನಾವು ಕೇಳುತ್ತೇವೆ: ಬಾಗಿಲ ಹೊರಗೆ ನಿಂತಿದ್ದ ಆ ಹೆಣ್ಣಿಗೆ ನಾವು ಕೊಡಬೇಕಾಗಿದ್ದ ಬಾಕಿ ಏನು?

ಇದು ತಮಾಷೆಯ ಪ್ರಶ್ನೆಯಲ್ಲ. ಈ ಕಥೆ ಈಗ ಬಾಗಿಲಿನಿಂದ ಬೆಳ್ಳಿತೆರೆಗೆ ಹೋಗಿದೆ. 2018ರಲ್ಲಿ ಬಂದ "ಸ್ತ್ರೀ" ಎಂಬ ಹಿಂದಿ ಚಿತ್ರ ಇದೇ ಕಥೆಯನ್ನು ಮಧ್ಯಪ್ರದೇಶದ ಚಂದೇರಿಯಲ್ಲಿಟ್ಟು ಕೋಟಿಗಟ್ಟಲೆ ಗಳಿಸಿತು. ದೆವ್ವದ ಚಿತ್ರ ಬಂತೆಂದರೆ ನಮ್ಮ ಮಿಲ್ಲಿನ ಹುಡುಗರು ಪಾಳಿ ಬದಲಾಯಿಸಿಕೊಂಡು ನೋಡುತ್ತಾರೆ. ಮನೆಯ ಹೆಂಗಸರು ಮೊಬೈಲಿನಲ್ಲಿ ನೋಡುತ್ತಾರೆ. ಸಾವಿರಾರು ಜನ ಒಟ್ಟಿಗೆ ಹೆದರಲು ಹಣ ಕೊಡುತ್ತಾರೆಂದರೆ, ಆ ಹೆದರಿಕೆ ಎಲ್ಲಿಂದ ಬಂತು, ಅದರಿಂದ ಯಾರಿಗೆ ಲಾಭ ಎಂದು ವಿಚಾರಿಸುವುದು ನಮ್ಮ ಕೆಲಸ.

ನಮ್ಮ ಹಳ್ಳಿಗಳಲ್ಲಿ ಯಾರು ಸತ್ತರೆ ದೆವ್ವವಾಗುತ್ತಾರೆ ಎಂದು ಹಿರಿಯರನ್ನು ಕೇಳಿ ನೋಡಿ. ಹೆರಿಗೆಯಲ್ಲಿ ಸತ್ತ ಬಾಣಂತಿ, ಮದುವೆಯಾಗದೆ ಸತ್ತ ಹುಡುಗಿ, ಬಾವಿಗೆ ಬಿದ್ದ ಸೊಸೆ, ಒಬ್ಬನನ್ನು ನಂಬಿ ಕೆಟ್ಟವಳು. ತುಂಬಿದ ಮನೆಯಲ್ಲಿ ಬಾಳಿ, ಮೊಮ್ಮಕ್ಕಳ ಕೈಯಿಂದ ನೀರು ಕುಡಿದು ಕಣ್ಣು ಮುಚ್ಚಿದ ಮುತ್ತೈದೆ ದೆವ್ವವಾದ ಕಥೆಯನ್ನು ನಾವು ಕೇಳಿಲ್ಲ. ಗಂಡಸರಲ್ಲೂ ದೆವ್ವಗಳುಂಟು. ಆದರೆ ಅವರ ಕಥೆಯೇ ಬೇರೆ. ಜಿಪುಣ ಸಾಹುಕಾರ ಸತ್ತರೆ ನಿಧಿ ಕಾಯುವ ಸರ್ಪವಾಗುತ್ತಾನೆ. ಸತ್ತ ಮೇಲೂ ಅವನಿಗೆ ಆಸ್ತಿ ತಪ್ಪಲಿಲ್ಲ! ವಿದ್ಯೆಯನ್ನು ಹಂಚದ ಪಂಡಿತ ಬ್ರಹ್ಮರಾಕ್ಷಸನಾಗುತ್ತಾನೆ. ಅಂದರೆ ಗಂಡಸು ದೆವ್ವವಾಗುವುದು ಇದ್ದದ್ದನ್ನು ಬಿಡಲಾರದೆ. ಹೆಂಗಸು ದೆವ್ವವಾಗುವುದು ಸಿಗಬೇಕಾದದ್ದು ಸಿಗದೆ. ಈ ಒಂದು ವ್ಯತ್ಯಾಸದಲ್ಲಿ ನಮ್ಮ ಸಮಾಜದ ಲೆಕ್ಕಪತ್ರವೆಲ್ಲ ಅಡಗಿದೆ.

ಉತ್ತರ ಭಾರತದಲ್ಲಿ ಇವಳನ್ನು ಚುಡೈಲ್ ಎನ್ನುತ್ತಾರೆ. ಅವಳೂ ಹೆಚ್ಚಾಗಿ ಹೆರಿಗೆಯಲ್ಲಿ ಸತ್ತವಳೇ, ಪಾದಗಳು ಹಿಂದುಮುಂದು. ಮಲಯ ನಾಡಿನ ಪೊಂಟಿಯಾನಕ್ ಸಹ ಅವಳ ತಂಗಿ. ಬಾಣಂತಿ ಸಾಯುವುದಕ್ಕೆ ನಿಜವಾದ ಕಾರಣಗಳಿರುತ್ತವೆ. ಹುಡುಗಿಯನ್ನು ಎಳೆಯ ವಯಸ್ಸಿನಲ್ಲಿ ಬಸಿರು ಮಾಡಿದ್ದು, ಹೊಟ್ಟೆಗೆ ಸಾಲದ ಅನ್ನ, ಮೈಯಲ್ಲಿ ಇಲ್ಲದ ರಕ್ತ, ಊರಲ್ಲಿ ಇಲ್ಲದ ವೈದ್ಯರು. ಆ ಸಾವಿಗೆ ಗಂಡನ ಮನೆ ಉತ್ತರ ಹೇಳಬೇಕು, ಸರ್ಕಾರ ಉತ್ತರ ಹೇಳಬೇಕು. ದೆವ್ವದ ಕಥೆ ಏನು ಮಾಡುತ್ತದೆ? ಉತ್ತರ ಹೇಳಬೇಕಾದವರನ್ನೆಲ್ಲ ಮನೆಗೆ ಕಳಿಸಿ, ಸತ್ತವಳನ್ನೇ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರು ಸತ್ತಾಗ, ನಾಡು ನರಕ್ಕೆ ಏರಿಸಿದ ದ್ರಾವಣದ ಬಾಟಲಿಯ ವಿಚಾರಣೆ ಕೇಳಿತು. ಜನ ದೆವ್ವವನ್ನು ಬಿಟ್ಟು ಬಾಟಲಿಯನ್ನು ಪ್ರಶ್ನಿಸಿದ ದಿನವೇ ನ್ಯಾಯದ ಮೊದಲ ದಿನ ಎಂದು ನಾವು ತಿಳಿಯುತ್ತೇವೆ.

ಇನ್ನು ಮೋಹಿನಿಯ ವಿಷಯ. ಬಿಳಿ ಸೀರೆ, ಬಿಚ್ಚಿದ ಕೂದಲು, ಮಲ್ಲಿಗೆಯ ವಾಸನೆ. ನಡುರಾತ್ರಿ ಒಂಟಿಯಾಗಿ ಹೋಗುವ ಗಂಡಸನ್ನು ಕಂಡು ಎಲೆಗೆ ಸುಣ್ಣ ಕೇಳುತ್ತಾಳೆ. ಕೇರಳದ ಯಕ್ಷಿಯೂ ಹೀಗೆಯೇ. ಸುಣ್ಣ ಕೊಟ್ಟವನು ಬೆಳಿಗ್ಗೆ ತಾಳೆಮರದ ಕೆಳಗೆ ಉಗುರು ಕೂದಲು ಮಾತ್ರ. ಈ ಕಥೆಯಲ್ಲಿ ಅವಳು ಮಾಡಿದ ಮೊದಲ ತಪ್ಪು ಯಾವುದು? ಕೊಂದದ್ದು ಆಮೇಲಿನ ಮಾತು. ಮೊದಲ ತಪ್ಪು ರಾತ್ರಿ ಒಬ್ಬಳೇ ನಡೆದದ್ದು. ಎರಡನೆಯ ತಪ್ಪು ತಾನಾಗಿ ಬಾಯಿಬಿಟ್ಟು ಕೇಳಿದ್ದು. ಗಂಡು ಆಸೆಪಟ್ಟರೆ ಅದಕ್ಕೆ ಪ್ರಾಯ ಎಂದು ಹೆಸರು, ರಸಿಕತನ ಎಂದು ಹೆಸರು. ಹೆಣ್ಣು ಆಸೆಪಟ್ಟರೆ ಅದಕ್ಕೆ ಪಿಶಾಚಿ ಎಂದು ಹೆಸರು. ಹೆಣ್ಣು, ಹೊನ್ನು, ಮಣ್ಣು ಎಂದು ಒಟ್ಟಿಗೆ ಎಣಿಸುವ ರೂಢಿ ನಮ್ಮದು. ಹೊನ್ನು ಎದ್ದು ನಡೆಯುವುದಿಲ್ಲ, ಮಣ್ಣು ಮಾತಾಡುವುದಿಲ್ಲ. ಮೂರನೆಯ ಸೊತ್ತು ಎದ್ದು ನಡೆದು ಮಾತಾಡಿದರೆ ಯಜಮಾನನಿಗೆ ನಡುಕ ಹುಟ್ಟುವುದು ಸಹಜ.

ಈ ನಡುಕಕ್ಕೆ ಪರಿಹಾರವನ್ನೂ ಕಥೆ ಹೇಳಿದವರೇ ಕಂಡುಹಿಡಿದಿದ್ದಾರೆ. ಪೊಂಟಿಯಾನಕ್‌ನ ಕತ್ತಿನ ಹಿಂಭಾಗಕ್ಕೆ ಒಂದು ಮೊಳೆ ಹೊಡೆದರೆ ಅವಳು ಸುಂದರಿಯಾದ, ವಿಧೇಯಳಾದ ಹೆಂಡತಿಯಾಗುತ್ತಾಳೆ! ಕೇರಳದಲ್ಲಿ ಕಡಮಟ್ಟತ್ತು ಕತ್ತನಾರ್ ಎಂಬ ಮಾಂತ್ರಿಕ ಪಾದ್ರಿಯ ಐತಿಹ್ಯವಿದೆ. ಅವನು ಯಕ್ಷಿಯ ತಲೆಗೆ ಕಬ್ಬಿಣದ ಮೊಳೆ ಹೊಡೆದು, ತನಗೆ ಬೇಕಾದವರ ಮನೆಯಲ್ಲಿ ಕೆಲಸಕ್ಕೆ ಬಿಟ್ಟನಂತೆ. ವಾಚಕರು ಗಮನಿಸಬೇಕು: ಮೊಳೆ ಬಿದ್ದ ಮೇಲೆ ದೆವ್ವ ಸಾಯುವುದಿಲ್ಲ, ಮನೆಗೆಲಸ ಮಾಡುತ್ತದೆ. ಆಸೆ ಇದ್ದಾಗ ಪಿಶಾಚಿ. ಆಸೆ ಸತ್ತ ಮೇಲೆ ಒಳ್ಳೆಯ ಹೆಂಗಸು. ಸಂಬಳವಿಲ್ಲದ ಆಳು ಬೇಕಾದವರು ಇದಕ್ಕಿಂತ ಚೆನ್ನಾದ ಕಥೆಯನ್ನು ಕಟ್ಟಲಾರರು.

ನಮ್ಮ ಭಯದ ಚಿತ್ರಗಳಲ್ಲಿ ಬಹುಪಾಲು ಈ ಮೊಳೆ ಹೊಡೆಯುವ ಕೆಲಸವನ್ನೇ ಮಾಡುತ್ತ ಬಂದಿವೆ. 1979ರ "ನಾ ನಿನ್ನ ಬಿಡಲಾರೆ" ಕನ್ನಡಿಗರು ಮರೆಯದ ಚಿತ್ರ. ಅನಂತನಾಗ್ ಅವರ ಅಭಿನಯವನ್ನು ಕಂಡು ನಾವೂ ಬೆವೆತವರೇ. ಅದರಲ್ಲಿ ಒಬ್ಬ ಗಂಡಸು, ಇಬ್ಬರು ಹೆಂಗಸರು. ಒಬ್ಬಳು ಕೈಹಿಡಿದ ಹೆಂಡತಿ. ಇನ್ನೊಬ್ಬಳು ಸತ್ತ ಮೇಲೂ ಅವನನ್ನು ಬಿಡದೆ ಮೈಹೊಕ್ಕವಳು. ಅವಳಿಗೆ ಇಟ್ಟ ಹೆಸರು ಕಾಮಿನಿ. ಇಬ್ಬರೂ ಬಯಸುವುದು ಒಬ್ಬನನ್ನೇ. ಇಬ್ಬರೂ ಅವನನ್ನು ಬಿಡಲೊಲ್ಲರು. ಒಬ್ಬಳ ಬಯಕೆಗೆ ಕೊರಳಲ್ಲಿ ತಾಳಿಯಿದೆ, ಆದ್ದರಿಂದ ಅವಳ ಕಡೆ ಮಂತ್ರಾಲಯದ ರಾಯರ ಕೃಪೆಯಿದೆ. ಇನ್ನೊಬ್ಬಳ ಬಯಕೆಗೆ ತಾಳಿಯಿಲ್ಲ, ಆದ್ದರಿಂದ ಅವಳು ಓಡಿಸಬೇಕಾದ ಪೀಡೆ. ಇದೇ ಚಿತ್ರ 1981ರಲ್ಲಿ ಹಿಂದಿಗೆ ಹೋದಾಗ ಅದಕ್ಕೆ "ಮಂಗಲಸೂತ್ರ" ಎಂದೇ ಹೆಸರಿಟ್ಟರು. ಮುಚ್ಚುಮರೆಯಿಲ್ಲದ ಹೆಸರು!

2004ರಲ್ಲಿ ಬಂದ "ಆಪ್ತಮಿತ್ರ" ಇನ್ನೂ ದೊಡ್ಡ ಮಾತು. 1993ರ ಮಲಯಾಳದ "ಮಣಿಚಿತ್ರತ್ತಾಳ್" ಚಿತ್ರದ ಕಥೆಯನ್ನು ಕನ್ನಡಕ್ಕೆ ತಂದು, ವಿಷ್ಣುವರ್ಧನ್, ಸೌಂದರ್ಯ ನಟಿಸಿದ ಚಿತ್ರ. ತೆರೆಗೆ ಬರುವ ಮುನ್ನವೇ ಸೌಂದರ್ಯ ಅವರು ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು; ಆ ದುಃಖವೂ ಸೇರಿ ಜನ ಅದನ್ನು ಮತ್ತೆ ಮತ್ತೆ ನೋಡಿದರು. ಈ ಚಿತ್ರದ ಬಗ್ಗೆ ನಮಗೆ ಗೌರವವಿದೆ. ಹೆಂಗಸಿಗೆ ಬಂದದ್ದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಎಂದು ಹೇಳಲು ಅದು ಒಬ್ಬ ವೈದ್ಯನನ್ನು ತಂದು ನಿಲ್ಲಿಸಿತು. ಸಾಮಾನ್ಯ ಜನರಿಗೆ ಇಷ್ಟನ್ನು ಮುಟ್ಟಿಸಿದ್ದೇ ಸಣ್ಣ ಕೆಲಸವಲ್ಲ.

ಆದರೆ ನಾಗವಲ್ಲಿಯ ಕಥೆಯನ್ನು ಮತ್ತೊಮ್ಮೆ ಓದಿರಿ. ಅವಳು ನಾಟ್ಯ ಬಲ್ಲ ಹೆಣ್ಣು. ರಾಜನೊಬ್ಬ ಅವಳನ್ನು ತನ್ನ ಅರಮನೆಗೆ ತಂದಿಟ್ಟುಕೊಂಡ. ಅವಳ ಮನಸ್ಸು ರಾಮನಾಥನೆಂಬ ನಾಟ್ಯಗಾರನ ಮೇಲಿತ್ತು. ಅದಕ್ಕಾಗಿ ರಾಜ ಅವನನ್ನು ಕೊಂದ, ಅವಳನ್ನು ಸುಟ್ಟ. ಕೊಲೆ ಮಾಡಿದವನು ರಾಜ. ಆದರೆ ತಲೆಮಾರುಗಳ ಕಾಲ ಊರು ಹೆದರಿದ್ದು ಯಾರಿಗೆ? ಸುಟ್ಟುಹೋದ ಹೆಣ್ಣಿಗೆ! ಬೀಗ ಹಾಕಿದ್ದು ಅವಳ ಕೋಣೆಗೆ. ಕೊನೆಗೆ ಅವಳು ನ್ಯಾಯ ಕೇಳುತ್ತಾಳೆ. ರಾಜನ ತಲೆ ಕೇಳುತ್ತಾಳೆ. ಆಗ ಎಲ್ಲರೂ ಸೇರಿ ರಾಜನ ಬದಲು ಒಂದು ಗೊಂಬೆಯನ್ನು ಮುಂದಿಟ್ಟು, ಇಗೋ ನಿನ್ನ ಸೇಡು ತೀರಿತು ಎಂದು ನಂಬಿಸುತ್ತಾರೆ. ಚಿಕಿತ್ಸೆಗೆ ಅದು ಬೇಕಾಗಿತ್ತು, ಇರಲಿ. ಆದರೆ ಬೆಂಕಿಯಲ್ಲಿ ನಿಜವಾಗಿ ಬೆಂದವಳು ಹೆಣ್ಣು, ಶಿಕ್ಷೆಯಾದದ್ದು ಗೊಂಬೆಗೆ, ಬಂಗಲೆ ಉಳಿದದ್ದು ಒಡೆಯರಿಗೆ. ಮಿಲ್ಲಿನಲ್ಲಿ ಕೈಕಾಲು ಕಳೆದುಕೊಂಡ ಕೂಲಿಗಾರನಿಗೆ ವಿಚಾರಣಾ ಸಮಿತಿಯ ವರದಿಯನ್ನು ಕೈಗೆ ಕೊಟ್ಟು ಕಳಿಸುವುದನ್ನು ಕಂಡವರಿಗೆ ಈ ಗೊಂಬೆಯ ಗುರುತು ಸಿಗದೆ ಇರದು.

ಚಿತ್ರ ತೆಗೆಯುವ ಬಂಡವಾಳಗಾರನ ಚಾತುರ್ಯವನ್ನೂ ಇಲ್ಲಿ ಹೇಳಬೇಕು. 1972ರಿಂದ ಮುಂದೆ ರಾಮ್‌ಸೆ ಸಹೋದರರು ಹಿಂದಿಯಲ್ಲಿ ಸಾಲಾಗಿ ಭಯದ ಚಿತ್ರ ತೆಗೆದರು. 1984ರ "ಪುರಾನಾ ಮಂದಿರ್"ನಲ್ಲಿ ಒಂದು ರಾಜಮನೆತನಕ್ಕೆ ಶಾಪ: ಆ ವಂಶದ ಹೆಂಗಸರು ಹೆರಿಗೆಯಲ್ಲೇ ಸಾಯುತ್ತಾರೆ. ಆದ್ದರಿಂದ ಮಗಳು ಯಾರನ್ನೂ ಪ್ರೀತಿಸಬಾರದು ಎಂದು ತಂದೆ ತಡೆಯುತ್ತಾನೆ. ಈ ಬಗೆಯ ಚಿತ್ರಗಳ ಕ್ರಮ ಎಲ್ಲರಿಗೂ ಗೊತ್ತು. ಮೊದಲು ಹೆಣ್ಣಿನ ಮೈ ತೋರಿಸಿ ಸೀಟಿ ಹಾಕಿಸುತ್ತಾರೆ, ಆಮೇಲೆ ಅದೇ ಹೆಣ್ಣಿನ ಮೇಲೆ ರಾಕ್ಷಸನನ್ನು ಬಿಟ್ಟು ಕಿರುಚಿಸುತ್ತಾರೆ. ಆಸೆಯನ್ನೂ ಮಾರಿದರು, ಆಸೆಗೆ ಶಿಕ್ಷೆಯನ್ನೂ ಮಾರಿದರು. ಟಿಕೇಟು ಮಾತ್ರ ಒಂದೇ. ನೋಡಿದವನು ತನ್ನ ಕಣ್ಣಿನ ಆಸೆಗೆ ತಾನು ನಾಚಿಕೊಳ್ಳಬೇಕಾಗಿಲ್ಲ. ಕೆಟ್ಟವಳು ಅವಳೇ ಎಂದು ಕೊನೆಯ ರೀಲು ಸಮಾಧಾನ ಹೇಳುತ್ತದೆ.

"ಇದೆಲ್ಲ ಎರಡೂವರೆ ಗಂಟೆಯ ಮನರಂಜನೆ, ಇದಕ್ಕೇಕೆ ಇಷ್ಟು ವಿಚಾರ?" ಎಂದು ಕೇಳುವ ಮಿತ್ರರಿದ್ದಾರೆ. ದುಡಿದು ದಣಿದವನು ಸಿನೆಮಾ ನೋಡಿ ನಗುವುದನ್ನೂ ಹೆದರುವುದನ್ನೂ ನಾವು ತಪ್ಪೆನ್ನುವುದಿಲ್ಲ. ಆದರೆ ಚಿತ್ರಮಂದಿರದ ದೀಪ ಹತ್ತಿದ ಮೇಲೂ ಈ ದೆವ್ವ ನಮ್ಮ ಜೊತೆ ಮನೆಗೆ ಬರುತ್ತದೆ ಎಂಬುದೇ ನಮ್ಮ ತಕರಾರು. ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ ಹೆಂಗಸರನ್ನು ಡಾಕಿಣಿಯೆಂದು ಹಿಂಸಿಸುವುದರ ವಿರುದ್ಧ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಮಾಟಗಾತಿಯೆಂದು ಕೊಂದವರ ಸಂಖ್ಯೆಗೆ ರಾಷ್ಟ್ರೀಯ ಅಪರಾಧ ದಾಖಲೆಗಳಲ್ಲಿ ಬೇರೆಯದೇ ಒಂದು ಸಾಲು ಇಡಬೇಕಾಯಿತು. ಹೀಗೆ ಬಲಿಯಾದವರಲ್ಲಿ ಎಷ್ಟೋ ಮಂದಿ ಒಂದಿಷ್ಟು ಜಮೀನುಳ್ಳ, ಗಂಡು ದಿಕ್ಕಿಲ್ಲದ ವಿಧವೆಯರು. ದೆವ್ವದ ಹೆಸರು ಹೇಳಿದವನ ಕಣ್ಣು ಎಲ್ಲಿತ್ತೆಂದು ಬಿಡಿಸಿ ಹೇಳಬೇಕೇ? ನಮ್ಮ ಕರ್ನಾಟಕವೂ 2017ರಲ್ಲಿ ಅಮಾನವೀಯ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯ್ದೆ ಮಾಡಿತು, 2020ರಲ್ಲಿ ಅದು ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಮಾಡುವುದು ಈಗ ಅಪರಾಧ.

ನಮ್ಮ ಓಣಿಗಳಲ್ಲಿ ಮೈಮೇಲೆ ದೆವ್ವ ಬಂದವಳನ್ನು ಕಂಡವರಿಗೆ ಒಂದು ಮಾತು ನೆನಪಿಸುತ್ತೇವೆ. ಬೇವಿನ ಬರಲು ಹಿಡಿದು ಕುಳಿತ ಮಂತ್ರವಾದಿ ಮೊದಲು ಕೇಳುವ ಪ್ರಶ್ನೆ ಯಾವುದು? "ನೀನು ಯಾರು? ನಿನಗೇನು ಬೇಕು?" ಅವಳು ಹೇಳುತ್ತಾಳೆ: ಹೊಸ ಸೀರೆ ಬೇಕು, ಹಸಿರು ಬಳೆ ಬೇಕು, ಹೊಟ್ಟೆ ತುಂಬ ಹೋಳಿಗೆ ಬೇಕು, ತವರಿಗೆ ಹೋಗಬೇಕು. ಕೇಳಿದವರು ದೆವ್ವದ ಆಸೆ ಎಂದು ಬೆರಗಾಗುತ್ತಾರೆ. ಅದು ದೆವ್ವದ ಆಸೆಯಲ್ಲ ಸ್ವಾಮಿ, ನಿಮ್ಮ ಸೊಸೆಯದು. ಮದುವೆಯಾಗಿ ಹತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರಾದರೂ ಅವಳನ್ನು "ನಿನಗೇನು ಬೇಕು" ಎಂದು ಕೇಳಿದ್ದು ಅದೇ ಮೊದಲು. ತನ್ನ ಹೆಸರಿನಲ್ಲಿ ಕೇಳಿದರೆ ಬೈಗುಳ. ದೆವ್ವದ ಹೆಸರಿನಲ್ಲಿ ಕೇಳಿದರೆ ಸೀರೆ. ಯಾವ ಹೆಸರಿನಲ್ಲಿ ಕೇಳಬೇಕೆಂದು ಅವಳಿಗೆ ನಾವೇ ಕಲಿಸಿದ್ದೇವೆ. ಸೀರೆ, ಬಳೆ ಬಾಯಿಬಿಟ್ಟು ಹೇಳಬಹುದಾದ ಆಸೆಗಳು. ಗಂಡನ ಒಂದು ಪ್ರೀತಿಯ ಮಾತು ಬೇಕೆಂದಾಗಲಿ, ಮೈಗೆ ನೋವಾಗುವ ರಾತ್ರಿ ಬೇಡವೆಂದಾಗಲಿ ಅವಳು ದೆವ್ವದ ಬಾಯಲ್ಲೂ ಹೇಳಲಾರಳು.

ಇನ್ನೊಂದು ಮಾತು ನೇರವಾಗಿ ಕಾರ್ಮಿಕರಿಗೇ ಸಂಬಂಧಿಸಿದ್ದು. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ಹೆಂಗಸರು ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಮಾತ್ರ ಕೆಲಸ ಮಾಡಬೇಕಿತ್ತು. 2023ರಲ್ಲಿ ಕರ್ನಾಟಕ ಆ ಕಾಯ್ದೆಗೆ ತಿದ್ದುಪಡಿ ತಂದು, ರಕ್ಷಣೆಯ ಷರತ್ತುಗಳ ಮೇಲೆ ರಾತ್ರಿ ಪಾಳಿಗೂ ಅವಕಾಶ ಕೊಟ್ಟಿತು. ಮಾಲೀಕನಿಗೆ ರಾತ್ರಿಯೂ ಯಂತ್ರ ಓಡಬೇಕು, ಅದಕ್ಕೆ ಹೆಂಗಸಿನ ಕೈ ಬೇಕು. ಒಳ್ಳೆಯದು, ದುಡಿಯುವ ಹಕ್ಕು ಅವಳಿಗೂ ಇದೆ. ಆದರೆ ಪಾಳಿ ಮುಗಿಸಿ ನಡುರಾತ್ರಿ ರಸ್ತೆಗೆ ಬಂದ ಗಾರ್ಮೆಂಟಿನ ಹುಡುಗಿಯನ್ನು ಬೀದಿ ಯಾವ ಕಣ್ಣಿನಿಂದ ನೋಡುತ್ತದೆ? ರಾತ್ರಿ ಒಬ್ಬಳೇ ನಡೆಯುವವಳು ಮೋಹಿನಿ ಎಂದು ನೂರು ವರ್ಷ ಕಲಿಸಿದ ಕಣ್ಣಿನಿಂದಲೇ. "ಈ ಹೊತ್ತಿನಲ್ಲಿ ಮರ್ಯಾದಸ್ಥ ಹೆಂಗಸರು ಓಡಾಡುತ್ತಾರೆಯೇ" ಎಂಬ ಮಾತಿನ ಬೇರು ಆ ತಾಳೆಮರದ ಬುಡದಲ್ಲಿದೆ. ನಿಜವಾಗಿ ಅಂಥ ರಾತ್ರಿಯಲ್ಲಿ ಯಾರು ಯಾರಿಗೆ ಹೆದರುತ್ತಾರೆ? ದಾರಿಯಲ್ಲಿ ಹೆಣ್ಣು ದೆವ್ವ ಸಿಕ್ಕೀತೆಂದು ಮನೆಯಲ್ಲಿ ಕುಳಿತ ಗಂಡಸನ್ನು ನಾವು ಕಂಡಿಲ್ಲ. ಗಂಡಸು ಸಿಕ್ಕಾನೆಂದು ಕೆಲಸ ಬಿಟ್ಟ ಹೆಂಗಸರನ್ನು ಬೇಕಾದಷ್ಟು ಕಂಡಿದ್ದೇವೆ.

ಈಚೆಗೆ ಚಿತ್ರಗಳಲ್ಲೂ ಕೊಂಚ ಗಾಳಿ ತಿರುಗಿದೆ ಎಂಬುದನ್ನು ಸಂತೋಷದಿಂದ ಒಪ್ಪುತ್ತೇವೆ. "ಸ್ತ್ರೀ" ಚಿತ್ರದಲ್ಲಿ ದೆವ್ವವಾದವಳು ಒಬ್ಬ ವೇಶ್ಯೆ. ಊರಿನ ಗಂಡಸರೆಲ್ಲ ಬಯಸಿದವಳು, ನಿಜವಾಗಿ ಪ್ರೀತಿಸಿದ ಒಬ್ಬನನ್ನು ಮದುವೆಯಾದಾಗ, ಅದೇ ಊರು ಮೊದಲ ರಾತ್ರಿಯೇ ಇಬ್ಬರನ್ನೂ ಕೊಂದಿತು. ಆ ಊರಿನಲ್ಲಿ ಜಾತ್ರೆಯ ರಾತ್ರಿಗಳಲ್ಲಿ ಗಂಡಸರು ಹೊರಗೆ ಹೋಗಬಾರದು, ಹೆಂಗಸರು ಧೈರ್ಯವಾಗಿ ಹೋಗಬಹುದು. ಗಂಡಸರು ನಗುತ್ತ ನಗುತ್ತಲೇ ಹೆಂಗಸಿನ ಹೆದರಿಕೆ ಹೇಗಿರುತ್ತದೆಂದು ಅರಿತರು. ಕಥಾನಾಯಕ ದೊರೆಯಲ್ಲ, ಒಬ್ಬ ದರ್ಜಿ, ವೇಶ್ಯೆಯೊಬ್ಬಳ ಮಗ. 2020ರ "ಬುಲ್‌ಬುಲ್" 1881ರ ಸುಮಾರಿನ ಬಂಗಾಳದ ಜಮೀನ್ದಾರರ ಮನೆಯ ಕಥೆ. ಬಾಲವಧುವಾಗಿ ಬಂದವಳ ಕಾಲುಗಳನ್ನು ಗಂಡ ಕಬ್ಬಿಣದ ಸಲಾಕೆಯಿಂದ ಜಜ್ಜುತ್ತಾನೆ. ಚುಡೈಲಿನ ಪಾದ ಏಕೆ ತಿರುಚಿದೆ ಎಂಬ ಹಳೆಯ ಪ್ರಶ್ನೆಗೆ ಆ ಚಿತ್ರ ಕೊಟ್ಟ ಉತ್ತರ ಅದು. ನೂರು ಮಂತ್ರವಾದಿಗಳು ಹೇಳದ ಸತ್ಯವನ್ನು ಒಂದು ದೃಶ್ಯ ಹೇಳಿತು.

2024ರ "ಸ್ತ್ರೀ 2" ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸ್ವತಂತ್ರ ಮನಸ್ಸಿನ ಹೆಂಗಸರನ್ನು ಹೊತ್ತೊಯ್ಯುವ ತಲೆಯಿಲ್ಲದ ಗಂಡು ಭೂತವನ್ನು ತೋರಿಸಿತು. ತಲೆಯಿಲ್ಲದವನು! ಬಹಳ ಸರಿಯಾದ ಗುರುತು. ಆದರೂ ಅದೇ ಚಿತ್ರದಲ್ಲಿ ಗಲ್ಲಾ ಪೆಟ್ಟಿಗೆಗಾಗಿ ನರ್ತಕಿಯ ಕುಣಿತವನ್ನು ತುರುಕುವುದನ್ನು ಬಿಡಲಿಲ್ಲ. ಬಂಡವಾಳ ಹೆಣ್ಣಿನ ಪರವಾದ ಮಾತನ್ನೂ ಮಾರುತ್ತದೆ, ಪಕ್ಕದಲ್ಲಿ ಹಳೆಯ ಸರಕನ್ನೂ ಮಾರುತ್ತದೆ. ಅಷ್ಟನ್ನು ತಿಳಿದು ನೋಡುವುದು ನಮಗೆ ಸೇರಿದ್ದು.

ಕತ್ತನಾರನ ಐತಿಹ್ಯಕ್ಕೆ ಒಂದು ಕೊನೆಯಿದೆ, ಅದನ್ನು ಹೇಳಬೇಕು. ಯಕ್ಷಿಯನ್ನು ಕೆಲಸಕ್ಕೆ ಬಿಟ್ಟ ಮನೆಯಲ್ಲಿ ಒಬ್ಬ ಮುದುಕಿಯಿದ್ದಳು. ಒಂದು ದಿನ ಆ ಹುಡುಗಿಯನ್ನು ಕೂರಿಸಿಕೊಂಡು ತಲೆ ಬಾಚುವಾಗ ಕೈಗೆ ಏನೋ ಗಟ್ಟಿಯಾಗಿ ತಗುಲಿತು. ನೋಡಿದರೆ ಮೊಳೆ. ಅಯ್ಯೋ ಮಗಳೇ ಎಂದು ಕಿತ್ತು ಹಾಕಿದಳು. ಯಕ್ಷಿ ಯಾರನ್ನೂ ಕೊಲ್ಲಲಿಲ್ಲ, ಎದ್ದು ಹೊರಟುಹೋದಳು. ಮಂತ್ರ ತಂತ್ರ ಬಲ್ಲವರಿಗೆಲ್ಲ ಅವಳಲ್ಲಿ ಪಿಶಾಚಿ ಕಂಡಿತ್ತು. ಪ್ರೀತಿಯಿಂದ ತಲೆ ಬಾಚಿದವಳಿಗೆ ಮಾತ್ರ ಅವಳ ನೋವು ಕಂಡಿತು.

ನಮ್ಮ ಓದುಗರಿಂದ ನಾವು ಬಯಸುವುದು ಇಂಥ ಸಣ್ಣ ಕೆಲಸಗಳನ್ನೇ. ಮನೆಯ ಹೆಂಗಸಿಗೆ ಮೈಮೇಲೆ ಬಂತೆಂದರೆ ಬರಲು ಹಿಡಿದವನ ಮನೆಗೆ ಹೋಗಬೇಡಿ, ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಯ ವೈದ್ಯರನ್ನು ಕಾಣಿರಿ. ಅದಕ್ಕೂ ಮೊದಲು ಅವಳಿಗೆ ನಿದ್ದೆಯಿದೆಯೇ, ಊಟವಿದೆಯೇ, ಮನಸ್ಸಿನ ಮಾತಾಡಲು ಜನವಿದೆಯೇ ನೋಡಿರಿ. ಮಗಳು ತಾನು ಮೆಚ್ಚಿದವನ ಹೆಸರು ಹೇಳಿದರೆ ಗ್ರಹಚಾರ ಎನ್ನಬೇಡಿ. ಹೆಂಡತಿ ಬೇಕೆಂದರೂ ಬೇಡವೆಂದರೂ ಅದು ಅವಳ ಮಾತೇ ಎಂದು ತಿಳಿಯಿರಿ. ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಮನೆಯ ತನಕ ಗಾಡಿ, ದಾರಿಯಲ್ಲಿ ದೀಪ ಕೊಡಿಸಲು ಸಂಘದ ಸಭೆಯಲ್ಲಿ ಗಂಡಸರೂ ಕೈ ಎತ್ತಿರಿ.

ಬಾಗಿಲು ತಟ್ಟುತ್ತಿರುವವಳು ದೆವ್ವವಲ್ಲ. ಪಾಳಿ ಮುಗಿಸಿ ದಣಿದು ಬಂದಿದ್ದಾಳೆ. ಅವಳ ಬಾಕಿಯನ್ನು ತಲೆಮಾರುಗಳಿಂದ ನಾಳೆಗೆ ತಳ್ಳಿದ್ದೇವೆ. ಆ ಬರಹವನ್ನು ಅಳಿಸಿ, ಬಾಗಿಲು ತೆರೆಯಿರಿ.